ಅಗ್ಗದ ಗಿಟಾರ್ ಪೆಡಲುಗಳು ಕೊಳ್ಳತಕ್ಕವುಗಳೋ?

ಗಿಟಾರು ಎಂಬ ವಾದ್ಯವು ಮಂಗಳೂರಿನವರಿಗೆ ಹೊಸತಲ್ಲ. ಇಗರ್ಜಿಗಳ ಗಾಯನಮಂಡಲಿಗಳಲ್ಲಿಯೂ ಕೊಂಕಣಿ ಸಂಗೀತ ರಾತ್ರಿಗಳ ವೇದಿಕೆಯಲ್ಲಿಯೂ ಮದುವೆಮನೆಗಳ ವಾದ್ಯವೃಂದದಲ್ಲಿಯೂ ಶಾಲೆಗಳ ವಾರ್ಷಿಕೋತ್ಸವಗಳಲ್ಲಿಯೂ ಅದರ ಸ್ವರವನ್ನು ನಾವು ಬಹುಕಾಲದಿಂದ ಕೇಳುತ್ತಾ ಬಂದಿದ್ದೇವೆ. ಆದರೆ ಮರದ ಗಿಟಾರಿನ ಪಕ್ಕದಲ್ಲಿ ವಿದ್ಯುತ್ ಗಿಟಾರು ಬಂದು ನಿಂತ ಮೇಲೆ, ಅದರ ಬೆನ್ನಿಗೇ ಇನ್ನೊಂದು ವಸ್ತುವು ಮನೆಯೊಳಗೆ ಪ್ರವೇಶಿಸಿದೆ. ಅದು ಅಂಗೈಯಗಲದ ಒಂದು ಪೆಟ್ಟಿಗೆ. ನೆಲದ ಮೇಲಿಟ್ಟು ಕಾಲಿನಿಂದ ಒತ್ತತಕ್ಕದ್ದು. ಆದುದರಿಂದ ಅದಕ್ಕೆ ಪೆಡಲ್ ಎಂದು ಹೆಸರು. ಹೆಸರುವಾಸಿಯಾದ ಕಂಪೆನಿಯ ಪೆಡಲು ಬೇಕಾದರೆ ಮಧ್ಯಮ ವರ್ಗದ ಕುಟುಂಬವು ಎರಡಾವರ್ತಿ ಯೋಚಿಸಬೇಕು. ಅದೇ ಕೆಲಸವನ್ನು ಮಾಡುವೆನೆಂದು ಹೇಳಿಕೊಳ್ಳುವ ಮತ್ತೊಂದು ಪೆಟ್ಟಿಗೆಯಾದರೋ ಎರಡು ಮೂರು ಸಾವಿರ ರೂಪಾಯಿಗಳಿಗೆ ದೊರೆಯುತ್ತದೆ. ಇದನ್ನು ಕೊಂಡರೆ ಹಣವು ಉಳಿಯಿತೋ, ಇಲ್ಲವೆ ನೀರಿಗೆ ಬಿದ್ದಿತೋ? ಮಗಳ ಬಯಕೆಗೂ ಮನೆಯ ಲೆಕ್ಕದ ಪುಸ್ತಕಕ್ಕೂ ನಡುವೆ ನಿಂತಿರುವ ತಂದೆತಾಯಿಗಳಿಗೆ ಈ ಪ್ರಶ್ನೆಯು ಸಣ್ಣದಲ್ಲ. ಅದಕ್ಕೆ ಉತ್ತರವನ್ನು ಕಂಡುಕೊಳ್ಳುವುದೇ ಈ ಲೇಖನದ ಉದ್ದೇಶವು.

ಮೊದಲು ಈ ಪೆಟ್ಟಿಗೆಯ ಕೆಲಸವೇನೆಂದು ತಿಳಿಯಬೇಕು. ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತಗಳೂ ಅವುಗಳ ಸುತ್ತಲೂ ಸಣ್ಣ ತಾಮ್ರದ ತಂತಿಯ ಸುರುಳಿಗಳೂ ಇರುತ್ತವೆ. ಉಕ್ಕಿನ ತಂತಿಯು ಮಿಡಿದಾಗ ಸುರುಳಿಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ಪ್ರವಾಹವು ಹುಟ್ಟುತ್ತದೆ. ಅದು ಕೇಬಲಿನ ಮೂಲಕ ಹರಿದು ಧ್ವನಿವರ್ಧಕವನ್ನು, ಅಂದರೆ ಆಂಪ್ಲಿಫಾಯರನ್ನು, ಸೇರಿ ದೊಡ್ಡ ಸ್ವರವಾಗಿ ಹೊರಗೆ ಬರುತ್ತದೆ. ಈ ದಾರಿಯ ನಡುವೆ ಪೆಡಲನ್ನು ಇಡುತ್ತಾರೆ. ಅದು ಹರಿಯುವ ಪ್ರವಾಹವನ್ನು ತಡೆದು, ಒಂದು ಬಗೆಯಲ್ಲಿ ಮಾರ್ಪಡಿಸಿ ಮುಂದಕ್ಕೆ ಬಿಡುತ್ತದೆ. ಡಿಸ್ಟಾರ್ಷನ್ ಎಂಬುದು ಸ್ವರವನ್ನು ಒರಟಾಗಿಯೂ ದೀರ್ಘವಾಗಿಯೂ ಮಾಡುತ್ತದೆ. ಡಿಲೇ ಎಂಬುದು ನುಡಿಸಿದ್ದನ್ನು ಪ್ರತಿಧ್ವನಿಯಂತೆ ಮತ್ತೆ ಕೇಳಿಸುತ್ತದೆ. ರಿವರ್ಬ್ ಎಂಬುದು ದೊಡ್ಡ ಸಭಾಂಗಣದ ಗುಂಗನ್ನು ಕೊಡುತ್ತದೆ. ಕೋರಸ್ ಎಂಬುದು ಒಂದು ವಾದ್ಯವನ್ನು ಹಲವು ವಾದ್ಯಗಳಂತೆ ತೋರಿಸುತ್ತದೆ. ವಾ ಎಂಬುದು ಕಾಲಿನ ಏರಿಳಿತಕ್ಕೆ ಸರಿಯಾಗಿ ಸ್ವರದ ಬಾಯಿಯನ್ನು ತೆರೆದು ಮುಚ್ಚಿದಂತೆ ಮಾಡುತ್ತದೆ. ವಿದ್ಯುತ್ ಸಂಪರ್ಕವಿಲ್ಲದ ಸಾಧಾರಣ ಮರದ ಗಿಟಾರಿಗೆ ಈ ಪೆಟ್ಟಿಗೆಗಳಿಂದ ಯಾವ ಪ್ರಯೋಜನವೂ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಪೆಡಲುಗಳ ಚರಿತ್ರೆಯನ್ನು ನೋಡಿದರೆ, ಅಗ್ಗದ ವಸ್ತುವಿಗೂ ಅವುಗಳಿಗೂ ಹುಟ್ಟಿನಿಂದಲೇ ನಂಟು ಇರುವುದು ಕಾಣುತ್ತದೆ. ಅಮೆರಿಕ ದೇಶದ ನ್ಯಾಶ್‌ವಿಲ್ ಪಟ್ಟಣದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡೊಂದನ್ನು ಮುದ್ರಿಸುವಾಗ ಯಂತ್ರದ ಒಂದು ಭಾಗವು ಕೆಟ್ಟು, ಗ್ರೇಡಿ ಮಾರ್ಟಿನ್ ಎಂಬವನು ನುಡಿಸಿದ ಬಾಸ್ ಗಿಟಾರಿನ ಸ್ವರವು ಜೇನುಹುಳದ ಮೊರೆತದಂತೆ ಒಡೆದು ಕೇಳಿಸಿತು. ೧೯೬೧ರಲ್ಲಿ ಆ ಹಾಡು ಹಾಗೆಯೇ ಹೊರಬಂದು ಜನರ ಮೆಚ್ಚಿಗೆಯನ್ನು ಪಡೆಯಿತು. ಆ ಕೆಟ್ಟ ಸ್ವರವನ್ನೇ ಬೇಕೆಂದಾಗ ಕೊಡುವ ಪೆಟ್ಟಿಗೆಯನ್ನು ಗ್ಲೆನ್ ಸ್ನಾಡಿ ಎಂಬ ತಂತ್ರಜ್ಞನು ರೂಪಿಸಿದನು. ೧೯೬೨ರಲ್ಲಿ ಅದು ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ೧೯೬೪ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ಯುವಕನು ಪೆಟ್ಟಿಗೆಯನ್ನೂ ಕೊಳ್ಳದೆ, ತನ್ನ ಸಣ್ಣ ಆಂಪ್ಲಿಫಾಯರಿನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ ಅಂಥದೇ ಸ್ವರವನ್ನು ಪಡೆದನು. ೧೯೬೫ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಮೇಸ್ಟ್ರೋ ಪೆಟ್ಟಿಗೆಯನ್ನು ಬಳಸಿದ ಮೇಲೆ ಅದಕ್ಕೆ ಬೇಡಿಕೆಯು ಒಮ್ಮೆಲೇ ಏರಿತು. ಹೀಗೆ ಕೆಟ್ಟುಹೋದ ಯಂತ್ರವೂ ಹರಿದುಹೋದ ಕಾಗದವೂ ಈ ಸ್ವರದ ಪೂರ್ವಜರು. ಅದನ್ನು ಕೊಡುವುದಕ್ಕೆ ಬಹುಬೆಲೆಯ ಸಾಮಗ್ರಿಯು ಅತ್ಯಗತ್ಯವೆಂದು ಹೇಳಲು ಯಾರಿಗೂ ಆಧಾರವಿಲ್ಲ.

ಪೆಟ್ಟಿಗೆಯನ್ನು ತೆರೆದು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಡಿಸ್ಟಾರ್ಷನ್ ಪೆಡಲಿನೊಳಗೆ ಪ್ರವಾಹವನ್ನು ಹಿಗ್ಗಿಸುವ ಒಂದು ಚಿಪ್ಪು ಅಥವಾ ಒಂದೆರಡು ಟ್ರಾನ್ಸಿಸ್ಟರುಗಳು, ಕೆಲವು ಡಯೋಡುಗಳು, ಹತ್ತಿಪ್ಪತ್ತು ರೆಸಿಸ್ಟರುಗಳು ಮತ್ತು ಕೆಪ್ಯಾಸಿಟರುಗಳು ಇಷ್ಟೇ ಇರುತ್ತವೆ. ಚಿಪ್ಪು ಸ್ವರದ ಅಲೆಯನ್ನು ಎತ್ತರಿಸುತ್ತದೆ. ಸಿಲಿಕನ್ ಡಯೋಡು ಸುಮಾರು ೦.೬ ವೋಲ್ಟಿಗೆ ಮೇಲೆ ಏರಿದ ಅಲೆಯ ತಲೆಯನ್ನು ಕತ್ತರಿಸುತ್ತದೆ. ಅಂಗಡಿಯವನು ಸೇರಿನ ಮೇಲೆ ಗೋಪುರವಾಗಿ ನಿಂತ ಅಕ್ಕಿಯನ್ನು ಕೋಲಿನಿಂದ ಸವರಿ ಸಮಮಾಡುವಂತೆಯೇ ಇದು. ತಲೆ ಸವರಿದ ಅಲೆಯಲ್ಲಿ ಮೊದಲಿಲ್ಲದ ಉಪಸ್ವರಗಳು ಹುಟ್ಟುತ್ತವೆ; ಅದೇ ಒರಟುತನ. ದೊಡ್ಡ ಅಲೆಯೂ ಕ್ಷೀಣಿಸುತ್ತಿರುವ ಅಲೆಯೂ ಒಂದೇ ಎತ್ತರಕ್ಕೆ ಬರುವುದರಿಂದ ಸ್ವರವು ಬೇಗನೆ ಸಾಯುವುದಿಲ್ಲ, ಅದೇ ದೀರ್ಘತೆ. ಪ್ರಸಿದ್ಧವಾದ ಐಬನೀಜ್ ಟ್ಯೂಬ್ ಸ್ಕ್ರೀಮರಿನೊಳಗಿರುವ ೪೫೫೮ ಎಂಬ ಚಿಪ್ಪು ಕೆಲವೇ ರೂಪಾಯಿಗಳಿಗೆ ಸಿಕ್ಕುವ ಜಾತಿಯದು. ಅಗ್ಗದ ಡಿಲೇ ಪೆಡಲುಗಳಲ್ಲಿ ಬಹಳ ಕಾಣಸಿಗುವ ಪಿಟಿ ೨೩೯೯ ಎಂಬ ತೈವಾನಿನ ಚಿಪ್ಪು ಕರವೋಕೆ ಯಂತ್ರಗಳಲ್ಲಿ ಪ್ರತಿಧ್ವನಿ ಕೊಡುವ ಅದೇ ಚಿಪ್ಪು. ಸೆಕೆಂಡಿನ ಮೂರನೆಯ ಒಂದು ಪಾಲಿನವರೆಗಿನ ಪ್ರತಿಧ್ವನಿಯನ್ನು ಅದು ಚೆನ್ನಾಗಿಯೇ ಕೊಡುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ಸ್ವರವು ಮಂಕಾಗಿ ಗರಗರಿಸುತ್ತದೆ.

ಹಾಗಾದರೆ ಬೆಲೆಯ ಅಂತರವು ಎಲ್ಲಿಂದ ಬಂದಿತು? ಮೊದಲನೆಯದಾಗಿ, ಈಗಿನ ಕಾರ್ಖಾನೆಗಳಲ್ಲಿ ಬಿಡಿಭಾಗಗಳನ್ನು ಯಂತ್ರಗಳೇ ಹಲಗೆಯ ಮೇಲಿಟ್ಟು ಬೆಸೆಯುತ್ತವೆ. ಕೈಗೆಲಸದ ಕೂಲಿ ಉಳಿಯುತ್ತದೆ. ಎರಡನೆಯದಾಗಿ, ಹಳೆಯ ಪೆಡಲುಗಳ ಒಳರಚನೆಯು ಬಲ್ಲವರಿಗೆಲ್ಲಾ ತಿಳಿದಿರುವುದರಿಂದ ಹೊಸದಾಗಿ ಕಂಡುಹಿಡಿಯುವ ವೆಚ್ಚವಿಲ್ಲ. ಈ ಅನುಕರಣೆಯು ವ್ಯಾಜ್ಯಕ್ಕೂ ಕಾರಣವಾಗಿತ್ತು. ೨೦೦೫ರಲ್ಲಿ ಬಾಸ್ ಪೆಡಲುಗಳ ಒಡೆತನವುಳ್ಳ ರೋಲೆಂಡ್ ಕಂಪೆನಿಯು, ತನ್ನ ಪೆಡಲುಗಳ ಹೊರರೂಪವನ್ನು ನಕಲು ಮಾಡಿದ್ದಾರೆಂದು ಬೆರಿಂಜರ್ ಕಂಪೆನಿಯ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು. ಅದು ಮುಂದೆ ರಾಜಿಯಲ್ಲಿ ಮುಗಿದು, ಬೆರಿಂಜರ್ ಪೆಡಲುಗಳ ರೂಪವು ಬದಲಾಯಿತು. ಅಲ್ಲಿನ ಜಗಳವು ಪೆಟ್ಟಿಗೆಯ ವೇಷವನ್ನು ಕುರಿತದ್ದಾಗಿತ್ತೆಂಬುದನ್ನು ಗಮನಿಸಬೇಕು.

ಮೂರನೆಯ ಕಾರಣವೇ ಕೊಳ್ಳುವವರು ಮುಖ್ಯವಾಗಿ ಗಮನಿಸತಕ್ಕದ್ದು. ಪೆಡಲಿನಲ್ಲಿ ದುಬಾರಿಯಾದ ಭಾಗಗಳು ಸ್ವರವನ್ನು ಮಾಡುವವುಗಳಲ್ಲ; ಪೆಟ್ಟು ತಿನ್ನುವವುಗಳು. ಎರಕದ ಲೋಹದ ಕವಚ, ಸಾವಿರಾರು ಸಾರಿ ಒತ್ತಿದರೂ ಸಡಿಲಾಗದ ಕಾಲ್ಗುಂಡಿ, ಕೇಬಲು ಸಿಕ್ಕಿಸುವ ಗಟ್ಟಿಯಾದ ಸಾಕೆಟ್ಟು, ನುಣುಪಾಗಿ ತಿರುಗುವ ಗುಬಟು, ಇವುಗಳಿಗೆ ಹಣ ಬೇಕು. ಅಗ್ಗದ ಪೆಡಲು ಉಳಿತಾಯ ಮಾಡುವುದು ಇಲ್ಲಿಯೇ. ಕವಚವನ್ನು ಪ್ಲಾಸ್ಟಿಕಿನಿಂದ ಮಾಡುತ್ತಾರೆ. ಸಾಕೆಟ್ಟನ್ನು ಕವಚಕ್ಕೆ ಬಿಗಿಯದೆ ಒಳಗಿನ ಹಲಗೆಗೆ ಮಾತ್ರ ಬೆಸೆಯುತ್ತಾರೆ. ಯಾರಾದರೂ ಕೇಬಲನ್ನು ಎಡವಿದರೆ ಬೆಸುಗೆಯು ಬಿರುಕುಬಿಡುತ್ತದೆ. ಆದುದರಿಂದ ಅಗ್ಗದ ಪೆಡಲು ಅನೇಕ ಸಲ ಚೆನ್ನಾಗಿ ಹಾಡುತ್ತದೆ, ಆದರೆ ಬಹುಕಾಲ ಬಾಳುತ್ತದೆಂದು ನಂಬುವ ಹಾಗಿಲ್ಲ. ಮನೆಯ ಅಭ್ಯಾಸಕ್ಕೆ ಅದು ಸಾಕು. ನೂರಾರು ಜನರ ಮುಂದೆ, ಕೈಕೊಟ್ಟರೆ ಬೇರೆ ಗತಿಯಿಲ್ಲದ ವೇದಿಕೆಯಲ್ಲಿ, ಅದೊಂದನ್ನೇ ನೆಚ್ಚಬಾರದು.

ನಮ್ಮ ಊರಿನ ಹವೆಯೂ ಈ ಲೆಕ್ಕದಲ್ಲಿ ಸೇರಬೇಕು. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ೩,೫೦೦ ಮಿಲಿಮೀಟರಿಗೆ ಮೇಲ್ಪಟ್ಟು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗೆ. ಉಳಿದ ಕಾಲದಲ್ಲಿಯೂ ಕಡಲಿನ ಉಪ್ಪುಗಾಳಿ ಇದ್ದೇ ಇದೆ. ಕಪಾಟಿನೊಳಗಿನ ಪುಸ್ತಕಗಳಿಗೂ ಚರ್ಮದ ಚೀಲಗಳಿಗೂ ಬೂಷ್ಟು ಹಿಡಿಯುವ ಈ ಊರಿನಲ್ಲಿ, ತೆಳುವಾದ ಲೇಪದ ಸಾಕೆಟ್ಟುಗಳೂ ಗುಬಟುಗಳೂ ಬೇಗನೆ ಕಿಲುಬುಗಟ್ಟಿ ಚರಚರ ಸದ್ದು ಮಾಡುತ್ತವೆ. ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಪೆಡಲನ್ನು ಇಡುವುದೂ, ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಗುಬಟುಗಳನ್ನು ತುದಿಯಿಂದ ತುದಿಗೆ ತಿರುಗಿಸುವುದೂ, ತಿಂಗಳುಗಟ್ಟಲೆ ಬಳಸದಿರುವಾಗ ಬ್ಯಾಟರಿಯನ್ನು ಹೊರಗೆ ತೆಗೆದಿಡುವುದೂ ಖರ್ಚಿಲ್ಲದ ಉಪಾಯಗಳು. ಇಷ್ಟು ಜಾಗ್ರತೆ ಮಾಡಿದರೆ ಅಗ್ಗದ ವಸ್ತುವಿನ ಆಯುಷ್ಯವು ಹೆಚ್ಚುವುದರಲ್ಲಿ ಸಂಶಯವಿಲ್ಲ.

ವಿದ್ಯುತ್ತಿನ ವಿಷಯದಲ್ಲಿಯೂ ಎರಡು ಮಾತು. ಬಹುತೇಕ ಪೆಡಲುಗಳು ೯ ವೋಲ್ಟಿನಲ್ಲಿ ನಡೆಯುತ್ತವೆ. ಅವುಗಳ ಅಡಾಪ್ಟರಿನ ತುದಿಯಲ್ಲಿ ಒಳಗಿನ ಕಡ್ಡಿಯು ಋಣವೂ ಹೊರಗಿನ ಬಳೆಯು ಧನವೂ ಆಗಿರುವುದು ರೂಢಿ. ಮನೆಯಲ್ಲಿರುವ ಇತರ ಯಂತ್ರಗಳ ಅಡಾಪ್ಟರುಗಳು ಅನೇಕ ಸಲ ಇದಕ್ಕೆ ವಿಪರೀತವಾಗಿರುತ್ತವೆ. ಹೇಗೂ ತೂತಿಗೆ ಹೊಂದುತ್ತದೆಂದು ಅದನ್ನು ಚುಚ್ಚಿದರೆ ಪೆಡಲು ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು. ಇನ್ನು ಬ್ಯಾಟರಿ. ಸಾಧಾರಣ ಡಿಸ್ಟಾರ್ಷನ್ ಪೆಡಲು ಬಹಳ ಕಡಿಮೆ ವಿದ್ಯುತ್ತನ್ನು ಬಳಸುವುದರಿಂದ ಒಂದು ಬ್ಯಾಟರಿಯಲ್ಲಿ ಹತ್ತಾರು ತಾಸು ನಡೆಯುತ್ತದೆ. ಡಿಜಿಟಲ್ ರಿವರ್ಬ್ ಮೊದಲಾದವು ಕೆಲವೇ ತಾಸುಗಳಲ್ಲಿ ಅದನ್ನು ಬರಿದುಮಾಡುತ್ತವೆ. ಕೇಬಲು ಪೆಡಲಿನ ಒಳದಾರಿಗೆ ಸಿಕ್ಕಿಕೊಂಡಿರುವ ತನಕ, ದೀಪವು ಉರಿಯದಿದ್ದರೂ ಬ್ಯಾಟರಿಯು ಖರ್ಚಾಗುತ್ತಲೇ ಇರುತ್ತದೆ. ಅಭ್ಯಾಸ ಮುಗಿದೊಡನೆ ಕೇಬಲನ್ನು ಕಳಚಿಡುವುದನ್ನು ಮಕ್ಕಳಿಗೆ ಕಲಿಸಬೇಕು. ಪೆಡಲು ಅಗ್ಗವಾಗಿರಲಿ, ಅಡಾಪ್ಟರು ಮಾತ್ರ ತೀರಾ ಅಗ್ಗವಾಗಿರಬಾರದು. ಅದರ ಗೂಂಗಾಟವು ಎಲ್ಲಾ ಪೆಡಲುಗಳ ಸ್ವರದಲ್ಲಿಯೂ ಸೇರಿಕೊಳ್ಳುತ್ತದೆ.

ಹಾಗಿದ್ದರೆ ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು? ಡಿಸ್ಟಾರ್ಷನ್, ಕೋರಸ್, ಸಣ್ಣ ಡಿಲೇ ಇವು ಅಗ್ಗದಲ್ಲಿಯೂ ಚೆನ್ನಾಗಿ ಬರುತ್ತವೆ. ಶ್ರುತಿಯನ್ನು ತೋರಿಸುವ ಟ್ಯೂನರ್ ಪೆಡಲಿನಲ್ಲಿಯೂ ನಷ್ಟವಿಲ್ಲ. ವಾ ಪೆಡಲಿನಲ್ಲಿ ಚಲಿಸುವ ಭಾಗಗಳಿರುವುದರಿಂದ ಅಗ್ಗದ್ದು ಬೇಗನೆ ಸವೆಯುತ್ತದೆ. ಅದನ್ನು ಬಿಡುವುದು ಲೇಸು. ನೂರು ಬಗೆಯ ಸ್ವರಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತೇವೆಂಬ ಅಗ್ಗದ ಯಂತ್ರಗಳು ನೋಡುವುದಕ್ಕೆ ಲಾಭವೆಂದು ತೋರಿದರೂ, ಕಲಿಯುವವಳ ಸಮಯವನ್ನು ನುಡಿಸುವುದರಿಂದ ಕಸಿದು ಗುಬಟು ತಿರುಗಿಸುವುದಕ್ಕೆ ಕೊಡುತ್ತವೆ. ಒಂದು ಪೆಡಲು, ಮೂರು ಗುಬಟು ಇದ್ದರೆ ಕಿವಿಯು ಅವುಗಳ ಗುಣವನ್ನು ಪೂರ್ತಿಯಾಗಿ ಕಲಿಯುತ್ತದೆ. ಬಾಸ್ ಕಂಪೆನಿಯು ೧೯೭೮ರಲ್ಲಿ ಹೊರತಂದ ಡಿಎಸ್ ೧ ಎಂಬ ಕಿತ್ತಳೆ ಬಣ್ಣದ ಪೆಡಲಿಗೆ ಇರುವ ಗುಬಟುಗಳು ಮೂರೇ. ಆ ಕಂಪೆನಿಯ ಪೆಡಲುಗಳಲ್ಲಿ ಕಡಿಮೆ ಬೆಲೆಯವುಗಳಲ್ಲಿ ಒಂದಾದ ಅದನ್ನೇ ನಿರ್ವಾಣ ತಂಡದ ಕರ್ಟ್ ಕೋಬೇನ್ ಬಳಸುತ್ತಿದ್ದನು.

ಆದರೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಖರ್ಚಿನ ಕ್ರಮ. ಪೆಡಲು ತನ್ನೊಳಗೆ ಬಂದುದನ್ನು ಮಾರ್ಪಡಿಸುತ್ತದೆಯೇ ಹೊರತು ಬಾರದಿರುವುದನ್ನು ಉಂಟುಮಾಡುವುದಿಲ್ಲ. ತಂತಿಗಳು ಹಲಗೆಯಿಂದ ಬಹು ಎತ್ತರದಲ್ಲಿದ್ದು ಎಳೆಯ ಬೆರಳುಗಳು ನೋಯುವಂತಿದ್ದರೆ ಮೊದಲು ಗಿಟಾರನ್ನು ಬಲ್ಲವರಿಂದ ಸರಿಪಡಿಸಿಕೊಳ್ಳಬೇಕು. ತುಕ್ಕು ಹಿಡಿದ ತಂತಿಗಳನ್ನು ಬದಲಾಯಿಸಬೇಕು. ಶ್ರುತಿ ನೋಡುವ ಸಾಧನವಿರಬೇಕು. ಸಣ್ಣದಾದರೂ ಶುದ್ಧವಾದ ಸ್ವರ ಕೊಡುವ ಆಂಪ್ಲಿಫಾಯರು ಬೇಕು. ಕಲಿಸುವವರ ಸಂಬಳಕ್ಕೆ ತೆಗೆದಿಟ್ಟ ಹಣವನ್ನು ಮುಟ್ಟಬಾರದು. ಇವೆಲ್ಲವೂ ಆದ ಮೇಲೆ ಪೆಡಲಿನ ಸರದಿ. ಒರಟು ಸ್ವರವು ಬೆರಳುಗಳ ತಪ್ಪನ್ನು ಕೆಲವು ಸಲ ಮುಚ್ಚುತ್ತದೆ. ತಾಳದ ತಪ್ಪನ್ನು ಪ್ರತಿಧ್ವನಿಯು ಇನ್ನಷ್ಟು ಗೋಜಲುಮಾಡುತ್ತದೆ. ಆದುದರಿಂದ ಪ್ರತಿ ಪಾಠವನ್ನೂ ಮೊದಲು ಪೆಡಲಿಲ್ಲದೆ ನುಡಿಸಿ, ಸರಿಯೆಂದು ಕಂಡ ಮೇಲೆ ಪೆಡಲನ್ನು ಒತ್ತಬೇಕು. ಇಲ್ಲವಾದರೆ ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಒಂದು ಪೆಡಲಿನ ಮೇಲೆ ತಪ್ಪು ಹೊರಿಸಿ ಇನ್ನೊಂದನ್ನು ಕೊಳ್ಳುವ ಚಟವು ಅಂಟಿಕೊಳ್ಳುತ್ತದೆ.

ಇಲ್ಲಿ ತಂದೆತಾಯಿಗಳಿಗೆ ಒಂದು ಬಿನ್ನಹ. ಮಗನು ಇಂಥ ವಸ್ತುವನ್ನು ಕೇಳಿದರೆ ಯಂತ್ರದಲ್ಲಿ ಆಸಕ್ತಿ ಇದೆಯೆಂದು ಸಂತೋಷಪಡುವ ಮನೆಗಳಲ್ಲಿಯೇ, ಮಗಳು ಕೇಳಿದರೆ ನಾಲ್ಕು ದಿನದ ಹುಚ್ಚೆಂದು ಹೇಳುವುದುಂಟು. ಪೆಡಲು ಅಗ್ಗವಾಗಿರುವುದರ ನಿಜವಾದ ಲಾಭವು ಇಲ್ಲಿದೆ. ಆಸಕ್ತಿಯು ನಾಲ್ಕು ದಿನದ್ದೋ ನಾಲ್ವತ್ತು ವರ್ಷದ್ದೋ ಎಂಬುದನ್ನು ದೊಡ್ಡ ನಷ್ಟವಿಲ್ಲದೆ ಪರೀಕ್ಷಿಸಿ ನೋಡಬಹುದು. ನಿಂತುಹೋದರೆ ಕಳಕೊಂಡದ್ದು ಸ್ವಲ್ಪ. ಬೆಳೆದರೆ ದೊರೆತದ್ದು ಬಹಳ. ಅದಲ್ಲದೆ ಇದು ಸಂಗೀತದ ವಸ್ತುವಾಗಿರುವಂತೆಯೇ ಭೌತವಿಜ್ಞಾನದ ಪಾಠವೂ ಆಗಿದೆ. ಬ್ಯಾಟರಿಯಿಂದ ನಡೆಯುವ ೯ ವೋಲ್ಟಿನ ಪೆಡಲನ್ನು ತೆರೆದು ನೋಡುವುದರಲ್ಲಿ ಅಪಾಯವಿಲ್ಲ. ಶಾಲೆಯ ಪುಸ್ತಕದಲ್ಲಿ ಓದಿದ ರೆಸಿಸ್ಟರೂ ಡಯೋಡೂ ಅಲ್ಲಿ ಕಣ್ಣಿಗೆ ಬೀಳುತ್ತವೆ. ಬಿಟ್ಟುಹೋದ ಬೆಸುಗೆಯನ್ನು ಹುಡುಗಿಯು ತಾನೇ ಸರಿಮಾಡಲು ಕಲಿತರೆ, ಕೆಟ್ಟ ಪೆಡಲೇ ಅವಳ ಉಪಾಧ್ಯಾಯಿನಿಯಾಗುತ್ತದೆ. ಆಂಪ್ಲಿಫಾಯರನ್ನು ಮಾತ್ರ ತೆರೆಯಬಾರದು. ಅದು ಮನೆಯ ವಿದ್ಯುತ್ತಿನಿಂದ ನಡೆಯುತ್ತದೆ. ಗೋಡೆಯಿಂದ ಕಿತ್ತ ಮೇಲೆಯೂ ಅದರೊಳಗೆ ಪ್ರಾಣಾಂತಿಕವಾದ ವಿದ್ಯುತ್ತು ಉಳಿದಿರಬಹುದು.

ಅಗ್ಗದ ಅಥವಾ ಪರಕೀಯವಾದ ವಾದ್ಯಸಾಧನಗಳನ್ನು ಕೀಳಾಗಿ ಎಣಿಸುವುದು ನಮ್ಮ ದೇಶಕ್ಕೆ ಹೊಸತಲ್ಲ. ಬಡವರ ಮನೆಗೂ ಭಜನಾಮಂದಿರಕ್ಕೂ ಸುಲಭವಾಗಿ ಬಂದ ಹಾರ್ಮೋನಿಯಮನ್ನು ಆಕಾಶವಾಣಿಯು ೧೯೪೦ರಲ್ಲಿ ಹೊರಗಿಟ್ಟಿತು; ೧೯೭೧ರವರೆಗೂ ಆ ನಿಷೇಧವು ಸಡಿಲವಾಗಲಿಲ್ಲ. ಆದರೂ ಆ ವಾದ್ಯವು ಸಾಯಲಿಲ್ಲ. ಆಂಧ್ರದ ಯು. ಶ್ರೀನಿವಾಸ್ (೧೯೬೯–೨೦೧೪) ಮ್ಯಾಂಡೋಲಿನಿನ ಸ್ವರವು ಗಮಕಕ್ಕೆ ಸಾಲದಷ್ಟು ಬೇಗನೆ ಅಡಗುವುದನ್ನು ಕಂಡು, ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೋಲಿನಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದರು. ನಮ್ಮ ಜಿಲ್ಲೆಯವರೇ ಆದ ಕದ್ರಿ ಗೋಪಾಲನಾಥರು (೧೯೪೯–೨೦೧೯) ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು, ಅದರ ಕೀಲಿಗಳನ್ನು ರಾಗಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡು ವರ್ಷಗಟ್ಟಲೆ ಸಾಧನೆ ಮಾಡಿದರು. ೧೯೯೪ರಲ್ಲಿ ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯವರ ಪ್ರೊಮೆನೇಡ್ ಕಚೇರಿಯಲ್ಲಿ ನುಡಿಸಿದರು. ಈ ಇಬ್ಬರಿಗೂ ಸಾಧನವು ಬೇಕಾಗಿತ್ತು. ಆದರೆ ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ಸಾಧನವಲ್ಲ, ಸಾಧನೆ.

ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆಗಳು ಇವು. ಸಾಧ್ಯವಾದರೆ ಸ್ವಂತ ಗಿಟಾರನ್ನೇ ಕೊಂಡೊಯ್ಯಬೇಕು. ಮೊದಲು ಪೆಡಲಿಲ್ಲದೆಯೂ, ಅನಂತರ ಪೆಡಲನ್ನು ಸಿಕ್ಕಿಸಿ ಒತ್ತದೆಯೂ ನುಡಿಸಿ ಕೇಳಬೇಕು. ಒತ್ತದಿರುವಾಗಲೇ ಸ್ವರವು ಮಂಕಾದರೆ ಆ ಪೆಡಲು ಬೇಡ. ಒತ್ತಿದ ಮೇಲೆ ತಂತಿಗಳನ್ನು ಅಂಗೈಯಿಂದ ಮುಚ್ಚಿ ಮೌನವಾಗಿ ಆಲಿಸಬೇಕು. ಸ್ವಲ್ಪ ಸುಯ್ಲು ಸಹಜ, ಮಳೆಯ ಸದ್ದಿನಂತಿದ್ದರೆ ದೋಷ. ಕಾಲ್ಗುಂಡಿಯನ್ನು ಇಪ್ಪತ್ತು ಸಲ ಒತ್ತಬೇಕು. ಕೇಬಲಿನ ತುದಿಯನ್ನು ಮೆಲ್ಲನೆ ಅಲುಗಾಡಿಸಬೇಕು. ಗುಬಟುಗಳನ್ನು ಪೂರ್ತಿಯಾಗಿ ತಿರುಗಿಸಬೇಕು. ಎಲ್ಲಿಯೂ ಸ್ವರವು ಕಡಿಯಬಾರದು. ರಸೀದಿಯನ್ನು ಪಡೆಯಬೇಕು, ದೂರದಿಂದ ತರಿಸುವುದಾದರೆ ಹಿಂದಿರುಗಿಸುವ ಅವಧಿಯೊಳಗೆ ಈ ಪರೀಕ್ಷೆಗಳನ್ನೆಲ್ಲಾ ಮುಗಿಸಬೇಕು. ಹೆಸರುವಾಸಿಯಾದ ಲೋಹದ ಪೆಡಲು ಯಾರಾದರೂ ಬಳಸಿ ಬಿಟ್ಟದ್ದು ಅರ್ಧ ಬೆಲೆಗೆ ದೊರೆತರೆ, ಹೊಸದಾದ ಪ್ಲಾಸ್ಟಿಕಿನ ಪೆಡಲಿಗಿಂತ ಅದೇ ಉತ್ತಮವು.

ಒಟ್ಟಿನಲ್ಲಿ ಹೇಳುವುದಾದರೆ, ಅಗ್ಗದ ಗಿಟಾರ್ ಪೆಡಲು ಕೊಳ್ಳತಕ್ಕದ್ದೇ ಆಗಿದೆ. ಆದರೆ ಮೂರು ನಿಬಂಧನೆಗಳ ಮೇಲೆ. ಅದು ಒಂದೇ ಕೆಲಸವನ್ನು ಮಾಡುವ ಸರಳವಾದ ಪೆಡಲಾಗಿರಬೇಕು. ಗಿಟಾರು, ತಂತಿ, ಶ್ರುತಿ, ಪಾಠ ಇವುಗಳ ಖರ್ಚು ತೀರಿದ ಮೇಲೆ ಉಳಿದ ಹಣದಿಂದ ಕೊಂಡದ್ದಾಗಿರಬೇಕು. ಒಂದು ದಿನ ಅದು ಕೆಡಬಹುದೆಂದು ಮೊದಲೇ ತಿಳಿದು ಕೊಂಡದ್ದಾಗಿರಬೇಕು. ಈ ಮೂರನ್ನೂ ಪಾಲಿಸಿದವರಿಗೆ ಅಗ್ಗದ ಪೆಡಲಿನಿಂದ ಮೋಸವಿಲ್ಲ. ಪಾಲಿಸದವರಿಗೆ ದುಬಾರಿಯ ಪೆಡಲಿನಿಂದಲೂ ಉಪಕಾರವಿಲ್ಲ.